ಗೇಣುದ್ದ ಬಾಲ

ನಮ್ಮಣ್ಣನಿಗೆ ಕುರ್ಚಿ ಅಂಗಡಿಯವರು ಇಟ್ಟ ಹೆಸರು ಬಾಲ. ಕೋತಿಗೆ ಇರುತ್ತಲ್ಲ, ಅದೇ ಬಾಲ. ಈಗ ತಲೆ ಪೂರ್ತಿ ಬೆಳ್ಳಗಾಗಿದೆ, ಸ್ವಂತ ಅಂಗಡಿ ಇದೆ, ಕೈಕೆಳಗೆ ಮೂವರು ಕೆಲಸದವರಿದ್ದಾರೆ. ಆದರೂ ಹಳೆ ಗಿರಾಕಿಗಳು ಬಾಗಿಲಲ್ಲಿ ನಿಂತು ಬಾಲಣ್ಣ ಇದ್ದಾರಾ ಅಂತಲೇ ಕೇಳುತ್ತಾರೆ. ಅವನ ತಂಗಿ ನನಗೆ ಮೈಯೆಲ್ಲ ಉರಿಯುತ್ತೆ, ಅವನಿಗೆ ಉರಿಯಲ್ಲ. ನಮ್ಮ ಮನೆಯಲ್ಲಿ ಉರಿಯೋದೆಲ್ಲ ನನ್ನ ಪಾಲಿಗೇ ಬಂದಿದೆ.

ಆ ಹೆಸರು ಬಂದದ್ದು ಹೇಗೆ ಅಂತ ಹೇಳಬೇಕಾದರೆ ಅಪ್ಪನ ಮನೆಯಿಂದ ಶುರು ಮಾಡಬೇಕು. ಶುರು ಮಾಡೋಕೆ ಇಷ್ಟವಿಲ್ಲ, ಆದರೂ ಬೇರೆ ದಾರಿಯಿಲ್ಲ.

ಅಪ್ಪ ಆಫೀಸಿನಲ್ಲಿ ಗುಮಾಸ್ತನಾಗಿದ್ದ. ಇಸ್ತ್ರಿ ಮುರಿಯದ ಅಂಗಿ, ಬೀದಿಯಲ್ಲಿ ಎದುರು ಸಿಕ್ಕವರಿಗೆಲ್ಲ ನಗುಮುಖ. ಎಂಥ ಸಂಭಾವಿತ ಮನುಷ್ಯ ಅಂತ ಪಕ್ಕದ ಮನೆಯವರು ಹೊಗಳೋದು ನನ್ನ ಕಿವಿಗೇ ಬಿದ್ದಿದೆ. ಆ ಸಂಭಾವಿತ ಮನುಷ್ಯ ಒಳಗೆ ಬಂದು ಚಿಲಕ ಹಾಕಿ, ಹೊಡೆಯೋಕೆ ಮೊದಲು ಕೈಗಡಿಯಾರ ಬಿಚ್ಚಿ ಮೇಜಿನ ಮೇಲೆ ಇಡುತ್ತಿದ್ದ. ಗಡಿಯಾರ ಕೈಯಲ್ಲೇ ಇದ್ದರೆ ಆ ಸಂಜೆ ನಾವು ಬಚಾವ್. ಬಿಚ್ಚಿಟ್ಟನೋ, ಇಬ್ಬರಲ್ಲಿ ಒಬ್ಬರ ಕಥೆ ಮುಗಿಯಿತು. ಅಣ್ಣ ಏನಾದರೂ ಮಾಡಿ ಆ ಒಬ್ಬರು ತಾನೇ ಆಗುವ ಹಾಗೆ ನೋಡಿಕೊಳ್ಳುತ್ತಿದ್ದ. ಲೋಟ ಬೀಳಿಸುತ್ತಿದ್ದ, ಎದುರುತ್ತರ ಕೊಡುತ್ತಿದ್ದ. ಎಷ್ಟು ಪೆದ್ದ ನಮ್ಮಣ್ಣ ಅಂತ ನಾನು ಅಂದುಕೊಂಡಿದ್ದೆ. ಅದು ಪೆದ್ದುತನ ಅಲ್ಲ ಅಂತ ತಿಳಿಯೋ ಹೊತ್ತಿಗೆ ನನಗೆ ಹನ್ನೊಂದು ತುಂಬಿತ್ತು.

ಅಮ್ಮ ತೀರಿಕೊಂಡಾಗ ನನಗೆ ಮೂರು ವರ್ಷ, ಅಣ್ಣನಿಗೆ ಒಂಬತ್ತು. ಜ್ವರ ಬಂತು, ವಾರದೊಳಗೆ ಹೋದಳು. ನನಗೆ ಅವಳ ಮುಖ ನೆನಪಿಲ್ಲ. ಮನೆಯಲ್ಲಿ ಒಂದು ಫೋಟೋ ಕೂಡ ಉಳಿಸಿರಲಿಲ್ಲ ಆ ಪುಣ್ಯಾತ್ಮ. ನನಗಿರುವ ಅಮ್ಮ ಅಂದರೆ ಅಣ್ಣ ಹೇಳಿದ ಅಮ್ಮ, ಅಷ್ಟೇ. ಅವಳು ಹೊಳೆಯಾಚೆಯ ಕಾಡಿನ ಜನರವಳು. ಊರು, ರಸ್ತೆ, ಆಫೀಸು ಯಾವುದೂ ಹುಟ್ಟದ ಕಾಲದಿಂದ ಆ ಕಾಡಿನಲ್ಲೇ ಇದ್ದ ಜನ, ಅವರ ಮಾತೇ ಬೇರೆ. ಮೆಚ್ಚಿ ಮದುವೆಯಾದವನು ಅಪ್ಪನೇ. ಆಮೇಲೆ ಅವಳು ಯಾರವಳು ಅಂತ ಹೇಳಿಕೊಳ್ಳೋಕೆ ನಾಚಿಕೆಪಟ್ಟವನೂ ಅವನೇ. ಅವಳ ಮಾತು ಮನೆಯಲ್ಲಿ ಆಡುವ ಹಾಗಿಲ್ಲ, ಅವಳ ಕಡೆಯವರು ಹೊಸ್ತಿಲು ತುಳಿಯುವ ಹಾಗಿಲ್ಲ. ಅಪ್ಪ ಆಫೀಸಿಗೆ ಹೋದ ಮೇಲೆ ಅಮ್ಮ ಹಿಂದಿನ ಕೋಣೆಯಲ್ಲಿ ಕೂತು ಬೆತ್ತ ಸೀಳಿ ಬುಟ್ಟಿ ಹೆಣೆಯುತ್ತಿದ್ದಳಂತೆ. ಅಣ್ಣ ಅವಳ ಮೊಣಕಾಲಿಗೆ ಒರಗಿ ಕೂತು ಕಲಿತ. ಹೆಣೆಯುವಾಗ ಅವಳು ಏನೋ ಗುನುಗುತ್ತಿದ್ದಳು, ಒಂಬತ್ತು ಪದದ ಒಂದು ಹಾಡು. ಅದೂ ಅವನ ಬಾಯಿಗೆ ಬಂತು. ಅರ್ಥ ಗೊತ್ತಿಲ್ಲ.

ಇನ್ನೊಂದು ವಿಷಯ ಕಲಿಸಿದ್ದಳು. ಹೆಣಿಗೆ ಪೂರ್ತಿಯಾದ ಮೇಲೂ ಕೊನೆಯ ಎಳೆಯನ್ನು ಹೆಣೆದವರು ಕತ್ತರಿಸಬಾರದು. ಗೇಣುದ್ದ ಬಿಡಬೇಕು. ಯಾರಿಗೆ ಅಂತ ಮಾಡಿದ್ದೋ ಅವರೇ ಬಂದು ತಮ್ಮ ಕೈಯಾರೆ ಕತ್ತರಿಸಬೇಕು. ಅಲ್ಲಿಯವರೆಗೆ ಅದು ಮುಗಿದ ಹಾಗಲ್ಲ.

ಅಮ್ಮ ಹೋದ ಮೇಲೆ ಅಣ್ಣ ಒಂದೇ ಒಂದು ಸಲ ಧೈರ್ಯ ಮಾಡಿ, ಅಜ್ಜಿ ಮನೆಗೆ ಹೋಗೋಣವಾ ಅಂತ ಕೇಳಿದ್ದನಂತೆ. ಅಪ್ಪ ಹೊಡೆಯಲಿಲ್ಲ. ಕಾಲ ಮೇಲೆ ಕಾಲು ಹಾಕಿಕೊಂಡು, ತಣ್ಣಗೆ ಹೇಳಿದ.

"ಅವರು ನಿಮ್ಮನ್ನ ಬೇಡ ಅಂದ್ರು."

ಇದೊಂದು ಮಾತು ಬೆತ್ತದ ಸಿಬಿರಿನ ಹಾಗೆ ಅಣ್ಣನ ಒಳಗೆ ಕೂತುಬಿಟ್ಟಿತು. ಬಾಸುಂಡೆ ಎಲ್ಲ ಮಾಯಿತು, ಇದು ಮಾಯಲಿಲ್ಲ. ಬೆಳೆದು ದೊಡ್ಡವನಾದ ಮೇಲೂ ಯಾರಾದರೂ ಊಟಕ್ಕೆ ಕರೆದರೆ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೇ ಹೋಗುತ್ತಿದ್ದ. ನಿಜವಾಗಿ ಕರೆದಿದ್ದಾರಾ ಅಂತ.

ನನಗೆ ಹನ್ನೆರಡಾಗಿದ್ದಾಗ ಅಪ್ಪ ಮರದ ಅಳತೆಪಟ್ಟಿ ತಗೊಂಡು ನನ್ನ ಕೈಗೆ ಹೊಡೆದ. ಅಣ್ಣ ಮನೆಯಲ್ಲಿರಲಿಲ್ಲ. ಕಾರಣ ಏನೂ ಇಲ್ಲ, ನನ್ನ ಬೆರಳು ಉದ್ದ. ಅವಳದೇ ಕೈ, ಅವಳದೇ ಸೌದೆ ಬೆರಳು ಅಂತ ಹೇಳುತ್ತ ಹೇಳುತ್ತ ಹೊಡೆದ. ಎಡಗೈ ಕಿರುಬೆರಳು ಮುರಿಯಿತು, ಇವತ್ತಿಗೂ ಸೊಟ್ಟಗೇ ಇದೆ. ಅಣ್ಣ ಬಂದು ನೋಡಿದ. ಹಳೆ ಬಟ್ಟೆ ಹರಿದು ಬೆರಳಿಗೆ ಸುತ್ತಿ, ಮಂಗಳವಾರ ಹೋಗೋಣ ಅಂದ. ಎಲ್ಲಿಗೆ ಅಂತ ನಾನು ಕೇಳಲೇ ಇಲ್ಲ.

ಮಂಗಳವಾರ ಮಧ್ಯಾಹ್ನ ಎರಡು ಗಂಟೆ. ಅಪ್ಪ ಆಫೀಸಿನಲ್ಲಿ. ನನ್ನ ಶಾಲೆ ಚೀಲದಲ್ಲಿ ನಾಲ್ಕು ಬಟ್ಟೆ, ಅಣ್ಣನ ಸೊಂಟದಲ್ಲಿ ಅಮ್ಮ ಬೆತ್ತ ಸೀಳುತ್ತಿದ್ದ ಪುಟ್ಟ ಕತ್ತಿ. ದಿಂಬು ತರ್ತೀನಿ ಅಂತ ನಾನು ಹಟ ಹಿಡಿದೆ, ಬೈಸಿಕೊಂಡು ಬಿಟ್ಟೆ. ಬೀದಿಯ ತುದಿವರೆಗೂ ಬಂದ ಮೇಲೆ ಅಣ್ಣ ಗಕ್ಕನೆ ನಿಂತ, ಮುಖ ಬಿಳಿಚಿಕೊಂಡಿತ್ತು. ಹಿತ್ತಲಿನ ನಲ್ಲಿ ನಿಲ್ಲಿಸಿದ್ಯಾ ಅಂತ ಕೇಳಿದ. ನಿಲ್ಲಿಸಿರಲಿಲ್ಲ. ನೀರು ಪೋಲು ಮಾಡಿದರೆ ಗಡಿಯಾರ ಬಿಚ್ಚುತ್ತಾನಲ್ಲ! ಇಬ್ಬರೂ ಏದುಸಿರು ಬಿಡುತ್ತ ವಾಪಸ್ ಓಡಿದೆವು, ಬೀಗ ತೆಗೆದೆವು, ನಲ್ಲಿ ನಿಲ್ಲಿಸಿದೆವು, ಮತ್ತೆ ಬೀಗ ಹಾಕಿದೆವು. ಮನೆ ಬಿಟ್ಟು ಓಡಿಹೋಗುತ್ತಿರೋರು ನಲ್ಲಿ ನಿಲ್ಲಿಸೋಕೆ ವಾಪಸ್ ಬಂದದ್ದನ್ನು ಎಲ್ಲಾದರೂ ಕೇಳಿದ್ದೀರಾ? ಈಗ ಹೇಳುವಾಗ ಹೊಟ್ಟೆ ಹಿಡಿದುಕೊಂಡು ನಗುತ್ತೇವೆ. ಆವತ್ತು ಬಸ್ಸು ಹತ್ತಿದ ಮೇಲೂ ನಾನು ಹಿಂದಿನ ರಸ್ತೆಯನ್ನೇ ತಿರುತಿರುಗಿ ನೋಡುತ್ತಿದ್ದೆ.

ಬಸ್ಸು ಇಳಿಸಿದ ಊರಿನಲ್ಲಿ ನಮಗೆ ಗೊತ್ತಿದ್ದವರು ಒಬ್ಬರೂ ಇರಲಿಲ್ಲ. ಬಸ್ ಸ್ಟ್ಯಾಂಡಿನ ಹಿಂದೆ ಒಂದು ಕುರ್ಚಿ ರಿಪೇರಿ ಅಂಗಡಿ. ತಳ ಕಿತ್ತುಹೋದ ಕುರ್ಚಿಗಳು ಫುಟ್‌ಪಾತಿನವರೆಗೂ ಒಂದರ ಮೇಲೊಂದು ಪೇರಿಸಿದ್ದವು. ಅಣ್ಣ ಒಳಗೆ ಹೋಗಿ, ಬೆತ್ತ ಹೆಣೆಯೋಕೆ ಬರುತ್ತೆ ಅಂದ. ಮೇಸ್ತ್ರಿ ಅವನನ್ನು ನೋಡಿದರು, ನನ್ನ ಕೈಗೆ ಸುತ್ತಿದ್ದ ಬಟ್ಟೆ ನೋಡಿದರು. ಎಲ್ಲಿಂದ ಬಂದ್ರಿ, ಯಾರ ಮಕ್ಕಳು, ಒಂದೂ ಕೇಳಲಿಲ್ಲ. ಒಂದು ಕುರ್ಚಿ ಎಳೆದು ಮುಂದಿಟ್ಟು, ಹೆಣಿ ನೋಡೋಣ ಅಂದರು. ಮೂರನೇ ದಿನಕ್ಕೆ ಅಂಗಡಿಯ ಅಟ್ಟ ನಮ್ಮ ಮನೆಯಾಯಿತು. ಎರಡನೇ ವಾರ ಮೇಸ್ತ್ರಿ ಎಲ್ಲಿಂದಲೋ ಒಂದು ದಿಂಬು ತಂದು, ದಾರಿಗೆ ಅಡ್ಡ ಬಿದ್ದಿತ್ತು ಅಂತ ಗೊಣಗುತ್ತ ನನ್ನ ಮೇಲೆ ಎಸೆದರು.

ಆ ಅಟ್ಟ ಬಹಳ ತಗ್ಗು. ನಿಂತರೆ ತಲೆ ತಗಲುತ್ತಿತ್ತು. ಕೆಳಗಿನಿಂದ ನೆನೆದ ಬೆತ್ತದ ವಾಸನೆ, ವಾರ್ನಿಷ್ ವಾಸನೆ ಮೇಲಕ್ಕೆ ಬರೋದು. ಬೆಳಗ್ಗೆ ಏಳುವಾಗಲೇ ಅಣ್ಣ ಕೆಳಗೆ ತೊಟ್ಟಿಯಲ್ಲಿ ಬೆತ್ತ ತಿರುವುತ್ತಿರೋ ಸದ್ದು. ಬಾಗಿಲಿಗೆ ಒಳಗಿನಿಂದ ಚಿಲಕವೇ ಇರಲಿಲ್ಲ. ಅಂಥ ನಿದ್ದೆ ನಾನು ಆಮೇಲೆ ಯಾವ ಮಂಚದ ಮೇಲೂ ಮಾಡಿಲ್ಲ. ನಾನು ಶಾಲೆ ಮುಗಿಸಿ ಬಂದು ಅಂಗಡಿಯ ಮೂಲೆಯಲ್ಲಿ ಕೂತು, ಚೌಕಟ್ಟಿನ ತೂತುಗಳಿಂದ ಹಳೆ ಬೆತ್ತದ ಚೂರು ಕುಟ್ಟಿ ತೆಗೆಯುತ್ತಿದ್ದೆ. ಅಣ್ಣ ಗುನುಗುತ್ತ ಹೆಣೆಯುತ್ತಿದ್ದ. ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ, ಕೊನೆಗೆ ಓರೆಗೆ. ಒಂಬತ್ತು ಪದ ಮುಗಿದರೆ ಮತ್ತೆ ಮೊದಲಿಂದ. ಇವನೇನೋ ಮಂತ್ರ ಹಾಕಿ ಕುರ್ಚಿ ಮಾಡ್ತಾನೆ ಅಂತ ಮೇಸ್ತ್ರಿ ಗಿರಾಕಿಗಳ ಹತ್ತಿರ ಬಡಾಯಿ ಕೊಚ್ಚುತ್ತಿದ್ದರು.

ಕೆಲಸದಲ್ಲಿ ಒಂದು ತಪ್ಪು ಹುಡುಕೋಕೆ ಆಗುತ್ತಿರಲಿಲ್ಲ, ಆ ಬಾಲ ಒಂದು ಬಿಟ್ಟು. ಪ್ರತಿ ಕುರ್ಚಿಯ ಕೆಳಗೂ ಗೇಣುದ್ದ ಎಳೆ ನೇತಾಡುತ್ತಿರಬೇಕು. ಕೈ ಅಲ್ಲಿಗೆ ನಿಂತುಬಿಡುತ್ತಿತ್ತು. ಒಂದು ಸಲ ಮದುವೆ ಮನೆಯಿಂದ ಬಂದ ಇಪ್ಪತ್ತನಾಲ್ಕು ಕುರ್ಚಿ ಹಾಗೇ ವಾಪಸ್ ಹೋದವು. ಕುರ್ಚಿಗೆ ಬಾಲ ಇದೆ ಅಂತ ಅಲ್ಲಿನ ಮಕ್ಕಳೆಲ್ಲ ಸೇರಿ ಹಿಡಿದು ಎಳೆದು, ಊಟಕ್ಕೆ ಕೂತವರ ಸಮೇತ ಎರಡು ಕುರ್ಚಿ ಮಗುಚಿ ಹಾಕಿದರು. ಮೇಸ್ತ್ರಿ ಇಕ್ಕಳ ಹಿಡಿದುಕೊಂಡು ಅಂಗಡಿ ತುಂಬ ಕುಣಿದರು. ಇನ್ನೊಂದು ಸಲ ಬಾಲ ಬಿಚ್ಚಿದ್ರೆ ನಿನ್ನದೇ ಕತ್ತರಿಸ್ತೀನಿ ಅಂದರು. ಹೆಸರು ಅಂಟಿಕೊಂಡದ್ದು ಆವತ್ತು. ಆಮೇಲಿಂದ ಅಣ್ಣ ಹೆಣೆದು ಎದ್ದು ಹೋಗೋದು, ಮೇಸ್ತ್ರಿ ಬಂದು ಇಕ್ಕಳದಲ್ಲಿ ಬಾಲ ಕತ್ತರಿಸೋದು, ಇದೇ ಪದ್ಧತಿಯಾಯಿತು. ಕತ್ತರಿಸುವಾಗ ಅಣ್ಣ ಯಾವತ್ತೂ ಆ ಕಡೆ ನೋಡುತ್ತಿರಲಿಲ್ಲ.

ಹೀಗೆ ಆರು ವರ್ಷ. ಅಪ್ಪ ಹುಡುಕಿಕೊಂಡು ಬರಲಿಲ್ಲ. ಅದೊಂದು ಉಪಕಾರ ಮಾಡಿದ.

ಒಂದು ದಿನ ಆಸ್ಪತ್ರೆಯ ನರ್ಸಮ್ಮ ಒಬ್ಬರು ಮುಚ್ಚಳದ ಬುಟ್ಟಿ ತಂದರು. ಬದಿಯಲ್ಲಿ ಇಲಿ ಕಡಿದಿತ್ತು. ಅಣ್ಣ ಬುಟ್ಟಿ ತಿರುಗಿಸಿ ತಳ ನೋಡಿದವನು ಹಾಗೇ ಸ್ಟೂಲಿನ ಮೇಲೆ ಕೂತ. ಎಳೆಗಳು ಶುರುವಾಗೋ ಜಾಗದಲ್ಲಿ ಅವನು ಹಾಕುವಂಥದ್ದೇ ಗಂಟು. ಇನ್ನೊಂದು ತುದಿಯಲ್ಲಿ ಕೊನೆಯ ಎಳೆ ಕತ್ತರಿಸಿದ ಮೊಂಡು ಗುರುತು, ಕೆಲಸ ಗೊತ್ತಿಲ್ಲದವರು ಕತ್ತರಿಸಿದ ಹಾಗೆ ಸೊಟ್ಟಗೆ. ಇದನ್ನ ಯಾರು ಕತ್ತರಿಸಿದ್ದು ಅಂತ ಕೇಳಿದ. ಬುಟ್ಟಿ ಯಾರು ಮಾಡಿದ್ದು ಅಂತ ಕೇಳೋದು ಬಿಟ್ಟು ಇದೇನು ಕೇಳ್ತಾನೆ ಅಂತ ನರ್ಸಮ್ಮ ನಕ್ಕರು. ನಾನೇ ಅಂದರು. ಹೊಳೆಯಾಚೆ ಕಾಡಿನಲ್ಲಿ ಎರಡು ವರ್ಷ ಕೆಲಸ ಮಾಡಿದ್ದರಂತೆ. ವರ್ಗವಾಗಿ ಹೊರಟಾಗ ಅಲ್ಲಿನ ಹೆಂಗಸರು ಇದನ್ನು ಕೊಟ್ಟು, ಕತ್ತಿಯನ್ನೂ ಕೈಗಿಟ್ಟು, ಕೊನೆ ಎಳೆ ನೀವೇ ಕತ್ತರಿಸಬೇಕು ಅಂದರಂತೆ. ಯಾವ ಬಸ್ಸು, ಎಲ್ಲಿ ಇಳಿಯಬೇಕು, ದೋಣಿ ಎಲ್ಲಿ ಸಿಗುತ್ತೆ, ಎಲ್ಲ ನರ್ಸಮ್ಮ ಒಂದು ಚೀಟಿಯಲ್ಲಿ ಬರೆದುಕೊಟ್ಟರು.

ಆ ಚೀಟಿ ನಾಲ್ಕು ತಿಂಗಳು ಅಣ್ಣನ ಜೇಬಿನಲ್ಲೇ ಇತ್ತು. ಅಂಗಿ ಬದಲಾದರೆ ಚೀಟಿಯೂ ಹೊಸ ಜೇಬಿಗೆ ಹೋಗುತ್ತಿತ್ತು. ಹೋಗೋಣ ಬಾ ಅಂತ ನಾನು ದಿನಾ ಪೀಡಿಸಿದೆ, ಕೂಗಾಡಿದೆ, ಮಾತು ಬಿಟ್ಟೆ. ಕೆಲಸ ಇದೆ ಅನ್ನುತ್ತಿದ್ದ. ಒಂದು ಮಧ್ಯಾಹ್ನ ಬೆತ್ತದ ತೊಟ್ಟಿಗೆ ನೀರು ತುಂಬುತ್ತ, ತಲೆ ಎತ್ತದೆ ಹೇಳಿದ.

"ಅವರು ಬೇಡ ಅಂದ್ರು ಅಂತ ಇಲ್ಲಿವರೆಗೆ ಅಪ್ಪ ಹೇಳಿದ್ದು ಅಷ್ಟೇ. ಹೋದ ಮೇಲೆ ಅವರೇ ಅಂದುಬಿಟ್ರೆ?"

ನನಗೆ ಹದಿನೆಂಟು. ಬಾಯಿಗೆ ಬಂದ ಹಾಗೆ ಮಾತಾಡೋ ವಯಸ್ಸು, ಈಗಲೂ ಅದೇ ವಯಸ್ಸು ಅನ್ನಿ. ಆದರೆ ಆವತ್ತು ಅವನ ಕೈಯಿಂದ ಕೊಡ ತಗೊಂಡು ತೊಟ್ಟಿಗೆ ನಾನೇ ನೀರು ಹೊಯ್ದೆ. ಮಾರನೇ ದಿನ ನಾನೇ ಹೋಗಿ ಎರಡು ಟಿಕೆಟ್ ತಂದು ಅವನ ಚಹಾದ ಲೋಟದ ಕೆಳಗೆ ಇಟ್ಟೆ. ಮೇಸ್ತ್ರಿಗೆ ವಿಷಯ ಹೇಳಿದ್ದೂ ನಾನೇ. ಅವರು ಕೆಮ್ಮಿದರು, ಕನ್ನಡಕ ಒರೆಸಿಕೊಂಡರು, ವಾರ ಪೂರ್ತಿ ರಜಾ ಅಂದರು.

ಬಸ್ಸಿನಲ್ಲಿ ಐದು ಗಂಟೆ. ಆಮೇಲೆ ದೋಣಿ. ಅಂಬಿಗ ವಯಸ್ಸಾದವನು. ದೋಣಿ ಬಿಡುವ ಮೊದಲು ಕೂತವರ ಕಡೆ ಬೆರಳು ತೋರಿಸುತ್ತ ಒಬ್ಬೊಬ್ಬರನ್ನೇ ಎಣಿಸಿದ. ಎಣಿಸುತ್ತ ಎಣಿಸುತ್ತ ಅಣ್ಣನ ಹಾಡು ಹೇಳಿದ. ಅದೇ ಒಂಬತ್ತು ಪದ, ಅದೇ ಸಾಲಿನಲ್ಲಿ. ಒಂಬತ್ತನೆಯವಳು ನಾನು. ಅಣ್ಣ ಹತ್ತನೆಯವನು. ಅಣ್ಣನ ಕಡೆ ಬೆರಳು ತೋರಿಸಿ ಅಂಬಿಗ ನಾವು ಹುಟ್ಟಿದಾಗಿಂದ ಕೇಳಿರದ ಒಂದು ಪದ ಹೇಳಿದ. ಅಣ್ಣ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡ. ಹಾಡಲ್ಲ, ಎಣಿಕೆ. ಅಮ್ಮ ಎಳೆ ಎಣಿಸುತ್ತಿದ್ದಳು. ಹೊಳೆ ದಾಟುವವರೆಗೂ ಅವನು ಆ ಹತ್ತನೆಯ ಪದವನ್ನು ಬಾಯೊಳಗೇ ಹೇಳಿಕೊಳ್ಳುತ್ತಿದ್ದ.

ಅಮ್ಮನ ಹೆಸರು ಹೇಳಿದ್ದೇ ತಡ, ಅಂಬಿಗ ಒಂದು ಮನೆ ತೋರಿಸಿದ. ಅಂಗಳದಲ್ಲಿ ಒಬ್ಬ ಹೆಂಗಸು ಬೆತ್ತ ಒಣಹಾಕುತ್ತಿದ್ದಳು. ಅಮ್ಮನ ಅಕ್ಕ, ನಮಗೆ ದೊಡ್ಡಮ್ಮ. ಅಣ್ಣ ಸೊಂಟದಿಂದ ಅಮ್ಮನ ಕತ್ತಿ ತೆಗೆದು ಮುಂದೆ ಹಿಡಿದ. ದೊಡ್ಡಮ್ಮ ಕತ್ತಿಯ ಹಿಡಿ ಸವರಿ ನೋಡಿದಳು, ಅವನ ಮುಖ ನೋಡಿದಳು, ಕೈಯಲ್ಲಿದ್ದ ಬೆತ್ತವನ್ನೆಲ್ಲ ಅಲ್ಲೇ ಕೆಳಗೆ ಬಿಟ್ಟಳು. ಊರಿನ ಮಾತು ಅವಳಿಗೆ ಚೆನ್ನಾಗಿಯೇ ಬರುತ್ತಿತ್ತು.

"ಬರೋಕೆ ಇಷ್ಟು ವರ್ಷ ಬೇಕಾಯ್ತಾ ನಿನಗೆ?"

ಅಂದವಳೇ ಅವನನ್ನು ತಬ್ಬಿಕೊಂಡಳು. ಅಳುತ್ತ ಬೈದಳು, ಬೈಯುತ್ತ ಅತ್ತಳು. ನನಗೆ ಈ ಬಾಯಿ ಎಲ್ಲಿಂದ ಬಂತು ಅಂತ ಆವತ್ತು ಗೊತ್ತಾಯಿತು. ಅಜ್ಜಿ ಎರಡು ವರ್ಷದ ಹಿಂದೆ ತೀರಿಕೊಂಡಿದ್ದಳು. ಅಮ್ಮ ತೀರಿಹೋದ ಸುದ್ದಿ ಕೇಳಿ ಅಜ್ಜಿಯೂ ದೊಡ್ಡಮ್ಮನೂ ನಮ್ಮ ಮನೆಗೆ ಬಂದಿದ್ದರಂತೆ. ಅಪ್ಪ ಗೇಟು ತೆಗೆಯಲಿಲ್ಲ. ಮಗನಿಗೆ ನೀವು ಬೇಡವಂತೆ ಅಂದನಂತೆ. ಒಂದೇ ಸುಳ್ಳನ್ನು ಎರಡೂ ಕಡೆ ಹೇಳಿ, ನಡುವೆ ಹಾಯಾಗಿ ಕೂತಿದ್ದ ಆ ಸಂಭಾವಿತ. ಆ ಕ್ಷಣಕ್ಕೆ ಅವನು ನನ್ನ ಕೈಗೆ ಸಿಕ್ಕಿದ್ದರೆ ಏನು ಮಾಡುತ್ತಿದ್ದೆನೋ.

ದೊಡ್ಡಮ್ಮ ಒಳಗೆ ಕರೆದುಕೊಂಡು ಹೋಗಿ ಮಾಡಿನ ಕಡೆ ಕೈ ತೋರಿಸಿದಳು. ತೊಲೆಗೆ ಎರಡು ಬುಟ್ಟಿ ನೇತುಹಾಕಿದ್ದವು. ಒಂದು ದೊಡ್ಡದು, ಒಂದು ಚಿಕ್ಕದು. ಹೊಗೆಗೆ ಕಪ್ಪಾಗಿದ್ದವು. ಎರಡಕ್ಕೂ ಬಾಲ ಇತ್ತು.

ಚಿಕ್ಕದು ಅಣ್ಣನದು. ಎರಡು ವರ್ಷದ ಅಣ್ಣನನ್ನು ಎತ್ತಿಕೊಂಡು ಅಮ್ಮ ಒಂದು ಸಲ ತವರಿಗೆ ಬಂದಿದ್ದಳು. ದೊಡ್ಡದು ಅಮ್ಮನದು. ಆಗಲೇ ಅವಳಿಗೆ ಅಂತ ಅಜ್ಜಿ ಹೆಣೆದದ್ದು. ಕತ್ತರಿಸೋಕೆ ಮೊದಲೇ ಅಪ್ಪ ಬಂದ. ಕಾಡಿನ ಸಾಮಾನು ನನ್ನ ಮನೆಗೆ ಬೇಡ ಅಂತ ಹೆಂಡತಿ ಮಗುವನ್ನು ಎಳೆದುಕೊಂಡು ಹೋದ. ಅಜ್ಜಿ ಎರಡನ್ನೂ ಹಾಗೇ ತೂಗುಹಾಕಿದಳು. ಮುಗಿಯದ ಬುಟ್ಟಿಯಲ್ಲಿ ಏನೂ ಹಾಕೋ ಹಾಗಿಲ್ಲ, ಬೇರೆಯವರಿಗೆ ಕೊಡೋ ಹಾಗೂ ಇಲ್ಲ.

ಅಣ್ಣ ತನ್ನ ಬುಟ್ಟಿ ಇಳಿಸಿಕೊಂಡು ತೊಡೆಯ ಮೇಲೆ ಇಟ್ಟುಕೊಂಡ. ಬಾಲ ಇಷ್ಟೇ ಇಷ್ಟು ಉದ್ದ. ಗೇಣುದ್ದ ಇರಬೇಕಲ್ಲವಾ ಅಂತ ತನ್ನ ಕೈ ಅಗಲಿಸಿ ತೋರಿಸಿದ. ದೊಡ್ಡಮ್ಮ ನಕ್ಕಳು. ಅರ್ಧಕ್ಕೇ ಕಲಿತು ಬಿಟ್ಟಿದ್ದೀಯ, ಹೆಣೆಯೋರ ಗೇಣಲ್ಲ, ಯಾರಿಗೆ ಹೆಣೀತೀವೋ ಅವರ ಗೇಣು ಅಂದಳು. ಅದು ಎರಡು ವರ್ಷದ ಮಗುವಿನ ಗೇಣು. ಆರು ವರ್ಷ ಕಂಡಕಂಡವರ ಕುರ್ಚಿಗೆಲ್ಲ ನಮ್ಮಣ್ಣ ತನ್ನ ಗೇಣನ್ನೇ ಬಿಟ್ಟುಕೊಂಡು ಬಂದಿದ್ದ.

ನಾನು ಬಾಗಿಲ ಹತ್ತಿರವೇ ನಿಂತಿದ್ದೆ. ಎಲ್ಲ ಸರಿ, ನನ್ನದೆಲ್ಲಿ? ಮೇಲೆ ನೋಡಿದೆ, ಮೂರನೆಯದು ಇರಲಿಲ್ಲ. ನಾನು ಹುಟ್ಟಿದ್ದೇ ಇವರಿಗೆ ಗೊತ್ತಿಲ್ಲ. ಅಷ್ಟು ಹೊತ್ತೂ ದೊಡ್ಡಮ್ಮ ನನ್ನನ್ನು ಅಣ್ಣನ ಹೆಂಡತಿ ಅಂದುಕೊಂಡಿದ್ದಳು. ನನಗೆ ಹೊಟ್ಟೆಕಿಚ್ಚು ಬಂತು, ಯಾಕೆ ಸುಳ್ಳು ಹೇಳಲಿ. ಟಿಕೆಟ್ ತಂದವಳು ನಾನು, ಕೈ ಮುರಿಸಿಕೊಂಡವಳು ನಾನು, ಬಾಲ ಮಾತ್ರ ಅವನಿಗೆ. ನಾನೂ ಅವಳ ಮಗಳೇ ಅಂತ ಕೂಗಿಬಿಟ್ಟೆ. ಕೂಗಿ, ಅಂಗಳಕ್ಕೆ ಹೋಗಿ, ಬೆತ್ತದ ರಾಶಿಯ ಪಕ್ಕ ಮುಖ ತಿರುಗಿಸಿ ಕೂತೆ.

ಸ್ವಲ್ಪ ಹೊತ್ತಿಗೆ ದೊಡ್ಡಮ್ಮ ಬಂದು ಪಕ್ಕದಲ್ಲಿ ಕೂತಳು. ನಾಳೆಯೇ ಬೆತ್ತ ನೆನೆಹಾಕ್ತೀನಿ, ಅಳತೆ ಕೊಡು ಅಂತ ನನ್ನ ಎಡಗೈ ತಗೊಂಡಳು. ಸೊಟ್ಟ ಕಿರುಬೆರಳನ್ನು ನೋಡಿದಳು. ಅದನ್ನು ಎರಡೂ ಕೈಯಲ್ಲಿ ಮುಚ್ಚಿ ಸುಮ್ಮನೆ ಇಟ್ಟುಕೊಂಡಳು. ಆಮೇಲೆ ಬಲಗೈ ತಗೊಂಡು ಬೆರಳು ಅಗಲಿಸಿದಳು. ಅಗಲಿಸಿದವಳು ಹಾಗೇ ನೋಡುತ್ತ ಉಳಿದಳು. ಎದ್ದು ಒಳಗೆ ಹೋಗಿ ಅಮ್ಮನ ಬುಟ್ಟಿ ತಂದಳು, ಅದರ ಬಾಲವನ್ನು ನೇರ ಮಾಡಿ ನನ್ನ ಅಂಗೈ ಮೇಲೆ ಇಟ್ಟಳು. ಹೆಬ್ಬೆರಳಿನ ತುದಿಯಿಂದ ಕಿರುಬೆರಳಿನ ತುದಿಗೆ ಸರಿಯಾಗಿ ಕೂತಿತು. ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ.

"ನಿನಗೆ ಬೇರೆ ಹೆಣೆಯೋದು ಬೇಡ. ನಿನ್ನದು ನೀನು ಹುಟ್ಟೋಕೆ ಮುಂಚೆಯೇ ಹೆಣೆದಾಗಿದೆ," ಅಂದಳು ದೊಡ್ಡಮ್ಮ.

ಯಾವ ಕೈ ನೋಡಿದರೆ ಅಪ್ಪನಿಗೆ ಮೈ ಉರಿಯುತ್ತಿತ್ತೋ, ಅದೇ ಕೈ. ನನಗೆ ನೆನಪೇ ಇಲ್ಲದ ಅಮ್ಮನ ಗೇಣು ನನ್ನ ಕೈಯಲ್ಲೇ ಇತ್ತು. ಅಮ್ಮನ ಕತ್ತಿಯಲ್ಲಿ ನಾನೇ ಕತ್ತರಿಸಿದೆ, ನರ್ಸಮ್ಮನಿಗಿಂತ ಸೊಟ್ಟಗೆ. ಆ ಬುಟ್ಟಿಯಲ್ಲಿ ಈಗ ನನ್ನ ಹೊಲಿಗೆಯ ಸಾಮಾನು ಇದೆ, ಕತ್ತರಿಸಿದ ಬಾಲವೂ ಇದೆ.

ಅಣ್ಣನಿಗೆ ದೊಡ್ಡಮ್ಮ ಮೂರು ಸಲ ಕತ್ತಿ ಕೊಟ್ಟಳು, ಮೂರು ಸಲವೂ ವಾಪಸ್ ಕೊಟ್ಟ. ಆರನೇ ದಿನ ನಾವು ಮತ್ತೆ ದೋಣಿ ಹತ್ತುವಾಗ ಬುಟ್ಟಿ ಬಾಲದ ಸಮೇತ ಅವನ ತೊಡೆಯ ಮೇಲಿತ್ತು, ಅಮ್ಮನ ಕತ್ತಿ ಮತ್ತೆ ಅವನ ಸೊಂಟದಲ್ಲಿತ್ತು. ಮುಂದಿನ ತಿಂಗಳು ಬರಬೇಕು, ಇಷ್ಟು ತಡ ಮಾಡಬಾರದು ಅಂತ ದೊಡ್ಡಮ್ಮ ದಡದಿಂದ ಇನ್ನೂ ಬೈಯುತ್ತಲೇ ಇದ್ದಳು. ಖಂಡಿತ ಬರ್ತೀವಿ ಅಂತ ಅಣ್ಣ ಕೈ ಎತ್ತಿದ. ನಿಜವಾಗಿ ಬರಬೇಕಾ ಅಂತ ಎರಡನೇ ಸಲ ಕೇಳಲಿಲ್ಲ. ಹೊಳೆಯ ನಡುವೆ ಬಂದಾಗ ಆ ಪುಟ್ಟ ಬಾಲವನ್ನು ಹೆಬ್ಬೆರಳಿನಿಂದ ಸವರುತ್ತ, ನನಗೆ ಹೇಳಿದನೋ ತನಗೇ ಹೇಳಿಕೊಂಡನೋ.

"ಅವರು ಬೇಡ ಅಂದಿರಲೇ ಇಲ್ಲ."

ಆಮೇಲೆ ಅಮ್ಮನ ಕತ್ತಿಯಲ್ಲೇ ಕತ್ತರಿಸಿದ.